ಶಿಲುಬೆಗೆ ಹೊಡೆದ ಸಾಲದ ಚೀಟಿ

ನಮ್ಮ ತಾತ ಜೀತದಾಳು. ತಾತನ ಅಪ್ಪ ಮಗಳ ಮದುವೆಗೆ ಅಂತ ಊರೊಡೆಯನ ಹತ್ತಿರ ಸಾಲ ಎತ್ತಿದ. ಸಾಲ ತೀರಲಿಲ್ಲ, ಸಾಲ ಎತ್ತಿದವನು ತೀರಿಕೊಂಡ. ಅಪ್ಪನ ಸಾಲಕ್ಕೆ ಮಗ ಒಡೆಯನ ಕೊಟ್ಟಿಗೆ ಸೇರಿದ. ದನದ ಜೊತೆ ಎದ್ದ, ದನದ ಜೊತೆ ಮಲಗಿದ. ಎಷ್ಟು ವರ್ಷ ದುಡಿದರೂ ಅಸಲು ಅಸಲಾಗಿಯೇ ಉಳಿಯಿತು. ಒಡೆಯನ ಪೆಟ್ಟಿಗೆಯಲ್ಲಿದ್ದ ಚೀಟಿಯಲ್ಲಿ ಏನು ಬರೆದಿದೆ ಅನ್ನುವುದು ತಾತನಿಗೆ ಗೊತ್ತಿರಲಿಲ್ಲ. ತನ್ನಪ್ಪನ ಹೆಬ್ಬೆಟ್ಟು ಅದರ ಮೇಲಿದೆ ಅನ್ನುವುದಷ್ಟೇ ಗೊತ್ತಿತ್ತು. ಅಂಥ ಚೀಟಿಯನ್ನು ಓದುವಷ್ಟು ಅಕ್ಷರ ಕಲಿತು ಕಾಲೇಜಿನಿಂದ ಹೊರಬಂದವರಲ್ಲಿ ನಮ್ಮ ಮನೆಗೆ ನಾವೇ ಮೊದಲಿಗರು.

ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಯೇಸುವಿನ ಸಾವಿನ ಬಗ್ಗೆ ನಾವು ಮಾತಾಡಲು ಹೊರಟಿರುವುದು ಈ ಕೊಟ್ಟಿಗೆಯಿಂದ. ನಾವು ಕ್ರೈಸ್ತರಲ್ಲ. ಚರ್ಚಿನ ಒಳಗಿನ ಜಗಳಕ್ಕೆ ತೀರ್ಪು ಕೊಡುವ ಹಕ್ಕು ನಮಗಿಲ್ಲ. ಆದರೆ ಆ ಸಾವಿಗೆ ಎರಡು ಸಾವಿರ ವರ್ಷಗಳಿಂದ ಹೇಳುತ್ತಾ ಬಂದಿರುವ ಅರ್ಥಗಳಲ್ಲಿ ಸಾಲ, ಈಡು, ಒಡೆಯ, ದಂಡ, ಬಿಡುಗಡೆ ಎನ್ನುವ ಮಾತುಗಳೇ ತುಂಬಿವೆ. ಈ ಮಾತುಗಳನ್ನು ನಾವು ಮೈಮೇಲೆ ಹೊತ್ತವರು. ಇವುಗಳ ಬಗ್ಗೆ ಕೇಳುವ ಹಕ್ಕು ನಮಗಿದೆ.

ಹಾಸ್ಟೆಲಿನಲ್ಲಿ ನಮ್ಮ ಜೊತೆ ಒಬ್ಬ ಗೆಳೆಯನಿದ್ದ. ಅವನದೂ ನಮ್ಮಂಥದೇ ಕೇರಿ. ಅವನ ಮುತ್ತಾತನ ಕಾಲದಲ್ಲಿ ಆ ಕೇರಿಯವರು ಕ್ರೈಸ್ತರಾಗಿದ್ದರು. ಒಂದು ಶುಭ ಶುಕ್ರವಾರ ಅವನ ಊರಿಗೆ ಹೋದೆವು. ಪಾದ್ರಿಗಳು ಬೋಧನೆ ಮಾಡಿದರು: ಮನುಷ್ಯ ದೇವರಿಗೆ ತೀರಿಸಲಾಗದ ಸಾಲ ಬಿದ್ದಿದ್ದಾನೆ, ಆ ಸಾಲವನ್ನು ದೇವರ ಮಗನೇ ತನ್ನ ರಕ್ತದಿಂದ ತೀರಿಸಿದ. ಗೆಳೆಯನ ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಮಗೆ ಮೈ ಉರಿಯಿತು. ಹೊರಗೆ ಬಂದವರೇ, "ಇದು ನಮ್ಮ ಒಡೆಯನ ಕತೇನೇ ಆಯ್ತಲ್ಲೋ. ಮಗನ ರಕ್ತ ಕಾಣದೆ ಸಾಲ ಬಿಡದವನು ಯಾವ ಸೀಮೆ ಅಪ್ಪ?" ಅಂದೆವು. ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಸರಿ ಕಣೋ. ನಮ್ಮಜ್ಜಿ ಕೈಯಿಂದ ಇದನ್ನ ಕಿತ್ಕೊಂಡ್ರೆ ಬದಲಿಗೆ ಏನು ಕೊಡ್ತೀಯ?"

ಆವತ್ತು ನಮ್ಮ ಹತ್ತಿರ ಉತ್ತರ ಇರಲಿಲ್ಲ. ಈ ಬರಹ ಆ ಉತ್ತರದ ಹುಡುಕಾಟ.

ಮೊದಲು ನಡೆದದ್ದೇನು ಅಂತ ನೋಡೋಣ. ಕ್ರಿ.ಶ. 30ರ ಸುಮಾರಿನಲ್ಲಿ, ಪಸ್ಕ ಹಬ್ಬದ ಹೊತ್ತಿನಲ್ಲಿ, ಜೆರೂಸಲೇಮಿನ ಊರಬಾಗಿಲಾಚೆ, ಗಲಿಲಾಯದ ಒಬ್ಬ ದುಡಿಯುವ ಮನುಷ್ಯನನ್ನು ರೋಮನ್ ಸಿಪಾಯಿಗಳು ಮರಕ್ಕೆ ಜಡಿದು ಕೊಂದರು. ಆಜ್ಞೆ ಕೊಟ್ಟವನು ಪೊಂತಿಯ ಪಿಲಾತ. ಕ್ರಿ.ಶ. 26ರಿಂದ 36ರವರೆಗೆ ಯೂದಾಯವನ್ನು ಆಳಿದ ರೋಮನ್ ಅಧಿಕಾರಿ. ಶಿಲುಬೆ ಆಗ ಪೂಜೆಯ ವಸ್ತುವಲ್ಲ, ಕೊರಳಿನ ಒಡವೆಯೂ ಅಲ್ಲ. ಗುಲಾಮರನ್ನು, ದಂಗೆಕೋರರನ್ನು ನಾಲ್ಕು ಜನ ನೋಡುವಂತೆ ಕೊಲ್ಲುವ ಸಾಧನ. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸನ ಗುಲಾಮ ದಂಗೆಯನ್ನು ಮುರಿದ ಮೇಲೆ ಕಪುವಾದಿಂದ ರೋಮಿನ ತನಕ ಹೆದ್ದಾರಿಯುದ್ದಕ್ಕೂ 6000 ಜನರನ್ನು ಹೀಗೆ ತೂಗುಹಾಕಿದರು. ಕ್ರಿ.ಪೂ. 4ರಲ್ಲಿ, ಯೇಸು ಹುಟ್ಟಿದ ಕಾಲದ ಆಸುಪಾಸಿನಲ್ಲಿ, ವಾರಸ್ ಎಂಬ ರೋಮನ್ ಅಧಿಕಾರಿ ಯೂದಾಯದ ದಂಗೆಯನ್ನು ತುಳಿದು ಸುಮಾರು 2000 ಜನರನ್ನು ಶಿಲುಬೆಗೇರಿಸಿದ ಎಂದು ಯೆಹೂದಿ ಚರಿತ್ರೆಕಾರ ಜೋಸೆಫಸ್ ಬರೆದಿದ್ದಾನೆ. 1968ರಲ್ಲಿ ಜೆರೂಸಲೇಮಿನ ಒಂದು ಹಳೆಯ ಗೋರಿಯಲ್ಲಿ ಹಿಮ್ಮಡಿಯ ಮೂಳೆ ಸಿಕ್ಕಿತು. ಕಬ್ಬಿಣದ ಮೊಳೆ ಇನ್ನೂ ಅದರೊಳಗೇ ಇತ್ತು. ಅದು ಯೇಸುವಿನ ಮೂಳೆಯಲ್ಲ. ಅವನ ಹಾಗೇ ಸತ್ತ ಇನ್ನೊಬ್ಬನದು.

ಅಂದರೆ ಯೇಸು ಸತ್ತದ್ದು ಒಬ್ಬಂಟಿಯಾಗಿ ಅಲ್ಲ. ಸಾವಿರಾರು ಜನರ ಸಾಲಿನಲ್ಲಿ ಅವನೂ ಒಬ್ಬ. ಅವನ ಅಕ್ಕಪಕ್ಕ ತೂಗಿದ ಇಬ್ಬರನ್ನು ನಾವು ಕಳ್ಳರು ಅಂತ ಕೇಳಿದ್ದೇವೆ. ಮೂಲ ಗ್ರೀಕಿನ ಆ ಮಾತನ್ನು ದಂಗೆಕೋರರಿಗೂ ಬಳಸುತ್ತಿದ್ದರು. ಯೇಸುವಿನ ತಲೆಯ ಮೇಲೆ ಬರೆದು ಹಾಕಿದ ಅಪರಾಧ 'ಯೆಹೂದ್ಯರ ಅರಸ' ಅನ್ನುವುದು. ಸಾಯುವ ಕೆಲವೇ ದಿನಗಳ ಹಿಂದೆ ಅವನು ದೇವಾಲಯದೊಳಗೆ ನುಗ್ಗಿ ನಾಣ್ಯ ಬದಲಾಯಿಸುವವರ ಮೇಜುಗಳನ್ನು ಬುಡಮೇಲು ಮಾಡಿದ್ದ. ಬರೀ ಪ್ರೀತಿ ಮಾಡಿ ಅಂದದ್ದಕ್ಕೆ ಯಾವ ಸರ್ಕಾರವೂ ಯಾರನ್ನೂ ಮರಕ್ಕೆ ಜಡಿಯುವುದಿಲ್ಲ.

ಅವನ ಶಿಷ್ಯರು ಬೆಸ್ತರು, ಸುಂಕದವರು, ಹೆಂಗಸರು. ಅವರ ಪಾಲಿಗೆ ಇದು ದುಃಖ ಮಾತ್ರ ಅಲ್ಲ, ಅವಮಾನ ಕೂಡ. ಮರಕ್ಕೆ ತೂಗಿದವನು ದೇವರ ಶಾಪಕ್ಕೆ ಒಳಗಾದವನು ಅಂತ ಅವರದೇ ಧರ್ಮಶಾಸ್ತ್ರ ಹೇಳುತ್ತಿತ್ತು. ಹಾಗಿದ್ದರೂ ಅವನು ಎದ್ದು ಬಂದ, ದೇವರು ಅವನ ಕಡೆಗಿದ್ದಾನೆ ಎಂದು ನಂಬಿ ಅವರು ಬೀದಿಗೆ ಬಂದರು. ಹಾಗಾದರೆ ಅವನು ಸತ್ತದ್ದು ಯಾಕೆ? ಈ ಪ್ರಶ್ನೆಗೆ ಅವರು ಕೈಗೆ ಸಿಕ್ಕ ಮಾತನ್ನೆಲ್ಲ ಹಿಡಿದರು. ಪಸ್ಕದ ಕುರಿಮರಿ ಅಂದರು. ಬಲಿ ಅಂದರು. ಈಡು ಅಂದರು. ಗೆಲುವು ಅಂದರು. ಜಗಳವಾಡಿದವರ ನಡುವಿನ ರಾಜಿ ಅಂದರು. ಹೊಸ ಒಡಂಬಡಿಕೆಯಲ್ಲಿ ಒಂದೇ ಉತ್ತರ ಇಲ್ಲ. 325ರಲ್ಲಿ ನೈಸಿಯಾದಲ್ಲಿ, 451ರಲ್ಲಿ ಕಾಲ್ಸೆಡಾನಿನಲ್ಲಿ ಬಿಷಪ್ಪರು ದೊಡ್ಡ ಸಭೆ ಸೇರಿ ಕ್ರಿಸ್ತ ಯಾರು ಅನ್ನುವುದನ್ನು ತೀರ್ಮಾನ ಮಾಡಿದರು. ಅವನ ಸಾವು ಹೇಗೆ ಜನರನ್ನು ಉಳಿಸಿತು ಅನ್ನುವುದಕ್ಕೆ ಇದೊಂದೇ ಅರ್ಥ ಅಂತ ಗೆರೆ ಎಳೆಯಲಿಲ್ಲ. ಗೆರೆ ಎಳೆದದ್ದು ಆಯಾ ಕಾಲದ ಒಡೆತನ.

ಈಡು ಅನ್ನುವ ಮಾತನ್ನೇ ತೆಗೆದುಕೊಳ್ಳೋಣ. ಗುಲಾಮನನ್ನು, ಯುದ್ಧದಲ್ಲಿ ಸೆರೆ ಸಿಕ್ಕವನನ್ನು ಬಿಡಿಸಿಕೊಳ್ಳಲು ಕೊಡುವ ಬೆಲೆ ಅದು. ಮೊದಲ ಕ್ರೈಸ್ತರಲ್ಲಿ ಗುಲಾಮರು ಬೇಕಾದಷ್ಟಿದ್ದರು. ಯೇಸು ನಿಮಗೆ ಈಡಾದ ಅಂದರೆ ಅವರಿಗೆ ಸಂತೆಯ ಕಟ್ಟೆ, ಸರಪಳಿ, ಬಿಡುಗಡೆ ಕಣ್ಣಿಗೆ ಕಟ್ಟುತ್ತಿತ್ತು. ಆದರೆ ಪಂಡಿತರು ಕೇಳಿದರು: ಬೆಲೆ ಕೊಟ್ಟದ್ದು ಯಾರಿಗೆ? ಸೈತಾನನಿಗೆ ಅಂದ ಮೂರನೆಯ ಶತಮಾನದ ಒರಿಗೆನ್. ನಾಲ್ಕನೆಯ ಶತಮಾನದ ನಿಸ್ಸಾದ ಗ್ರೆಗೊರಿ, ಯೇಸುವಿನ ದೇಹ ಎರೆ, ದೈವತ್ವ ಗಾಳ, ಸೈತಾನ ನುಂಗಿ ಸಿಕ್ಕಿಬಿದ್ದ ಅಂದ. ಮಕ್ಕಳ ಕತೆಯ ಹಾಗಿದೆ. ಆದರೆ ಇದೇ ಗ್ರೆಗೊರಿ, ಮನುಷ್ಯನನ್ನು ಕೊಳ್ಳಲು ನೀನು ಯಾರು ಅಂತ ಗುಲಾಮರ ಒಡೆಯರನ್ನು ನೇರವಾಗಿ ತರಾಟೆಗೆ ತೆಗೆದುಕೊಂಡವನು. ಈ ಹಳೆಯ ಕತೆಯಲ್ಲಿ ಒಂದು ಒಳ್ಳೆಯದಿದೆ. ಸೆರೆ ಹಿಡಿದವನು ಸೈತಾನ, ಬಿಡಿಸಿದವನು ದೇವರು. ಇಬ್ಬರೂ ಬೇರೆ ಬೇರೆ.

1098ರ ಹೊತ್ತಿಗೆ ಕತೆ ತಿರುಗಿತು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿದ್ದ ಆನ್ಸೆಲ್ಮ್, ದೇವರು ಯಾಕೆ ಮನುಷ್ಯನಾದ ಎಂದು ಕೇಳುವ ಪುಸ್ತಕವನ್ನು ಆ ವರ್ಷ ಮುಗಿಸಿದ. ಸೈತಾನನಿಗೆ ಮನುಷ್ಯರ ಮೇಲೆ ಯಾವ ಹಕ್ಕೂ ಇಲ್ಲ ಅಂತ ಅವನು ಹೇಳಿದ್ದು ಸರಿಯಾದ ಮಾತು. ಆದರೆ ಸೈತಾನ ಎದ್ದುಹೋದ ಗದ್ದುಗೆಯಲ್ಲಿ ಲೆಕ್ಕದ ಪುಸ್ತಕ ಹಿಡಿದ ಒಡೆಯನೊಬ್ಬ ಬಂದು ಕೂತ. ಪಾಪ ಅಂದರೆ ದೇವರ ಮಾನಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸದೆ ಇರುವುದು. ಮಾನ ಎಷ್ಟು ದೊಡ್ಡದೋ ಬಾಕಿಯೂ ಅಷ್ಟೇ ದೊಡ್ಡದು. ದೇವರ ಮಾನಕ್ಕೆ ಕೊನೆಯಿಲ್ಲ, ಆದ್ದರಿಂದ ಬಾಕಿಗೂ ಕೊನೆಯಿಲ್ಲ. ತೀರಿಸಬೇಕಾದವನು ಮನುಷ್ಯ, ತೀರಿಸಬಲ್ಲವನು ದೇವರು. ಹಾಗಾಗಿ ದೇವರೇ ಮನುಷ್ಯನಾಗಬೇಕು. ಆನ್ಸೆಲ್ಮ್ ರಕ್ತದಾಹದ ದೇವರನ್ನು ಕಲ್ಪಿಸಿದ ಅಂದರೆ ಅವನಿಗೆ ಅನ್ಯಾಯವಾಗುತ್ತದೆ. ಮಗ ತಾನಾಗಿ ಕೊಟ್ಟ ಎಂದು ಅವನು ಒತ್ತಿ ಹೇಳಿದ. ಆದರೂ ಅವನ ತಕ್ಕಡಿ ಎಲ್ಲಿಯದು? ಒಡೆಯನಿಗೆ ಮಾಡಿದ ತಪ್ಪಿಗೆ ಒಂದು ದಂಡ, ಆಳಿಗೆ ಮಾಡಿದ ತಪ್ಪಿಗೆ ಇನ್ನೊಂದು ದಂಡ ಅನ್ನುತ್ತಿದ್ದ ಯುರೋಪಿನ ಪಾಳೇಗಾರಿಕೆಯದು. ಮನುವಿನ ತಕ್ಕಡಿಯನ್ನು ಕಂಡ ನಮಗೆ ಇದರ ಗುರುತು ಹತ್ತಲು ಕಷ್ಟವಿಲ್ಲ.

ಆನ್ಸೆಲ್ಮನ ಮುಂದಿನ ತಲೆಮಾರಿನಲ್ಲೇ ಪ್ಯಾರಿಸಿನ ಅಬೆಲಾರ್ಡ್ (1079-1142) ಇದಕ್ಕೆ ತಕರಾರು ತೆಗೆದ. ತಪ್ಪಿಲ್ಲದವನ ರಕ್ತ ಕೇಳುವುದು, ಅದರಿಂದ ತೃಪ್ತಿಪಡುವುದು ಕ್ರೌರ್ಯ ಅಲ್ಲವೆ ಅಂತ ಕೇಳಿದ. ಆ ಸಾವು ನಮ್ಮಲ್ಲಿ ಪ್ರೀತಿ ಹೊತ್ತಿಸಬೇಕು, ಬಿಡುಗಡೆ ಅಂದರೆ ಆ ಪ್ರೀತಿಯೇ ಅಂದ. ಮನಸ್ಸಿಗೆ ಹಿಡಿಸುವ ಮಾತು. ಆದರೆ ನೋಡಿದವನ ಎದೆ ಕರಗಿದರೆ ತೂಗಿದವನಿಗೆ ಬಂದದ್ದೇನು? ನಮ್ಮ ಕೇರಿಯ ಕಷ್ಟ ನೋಡಿ ಕಣ್ಣೀರು ಹಾಕಿ ಊಟಕ್ಕೆ ಮನೆಗೆ ಹೋದವರನ್ನು ನಾವು ಬಹಳ ಕಂಡಿದ್ದೇವೆ.

ಹದಿನಾರನೆಯ ಶತಮಾನದಲ್ಲಿ ಕಾನೂನು ಓದಿದ್ದ ಕ್ಯಾಲ್ವಿನ್ ಒಡೆಯನ ಕಚೇರಿಯನ್ನು ನ್ಯಾಯಾಲಯ ಮಾಡಿದ. ಈಗ ಪಾಪ ಸಾಲವಲ್ಲ, ಅಪರಾಧ. ನಾವು ಉಣ್ಣಬೇಕಾದ ಶಿಕ್ಷೆಯನ್ನು ಯೇಸು ಉಂಡ. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ನಾಡಿಗೆ ಬಂದ ಪ್ರಾಟೆಸ್ಟೆಂಟ್ ಮಿಷನರಿಗಳಲ್ಲಿ ಬಹಳ ಜನ ಈ ಅರ್ಥವನ್ನು ಹೊತ್ತು ತಂದರು. ಗೆಳೆಯನ ಊರಿನ ಪಾದ್ರಿಗಳ ಬಾಯಲ್ಲಿ ಆನ್ಸೆಲ್ಮನ ಸಾಲವೂ ಕ್ಯಾಲ್ವಿನ್ನನ ಶಿಕ್ಷೆಯೂ ಕಲೆತು ಬಂದಿದ್ದವು.

ಇದಕ್ಕೆ ಸರಿಯಾದ ಏಟು ಕೊಟ್ಟವನು ಇಟಲಿಯಲ್ಲಿ ಹುಟ್ಟಿ ಪೋಲೆಂಡಿನಲ್ಲಿ ನೆಲೆಸಿದ ಸೊಸಿನಸ್. 1594ರಲ್ಲಿ ಅಚ್ಚಾದ ಅವನ ಪುಸ್ತಕದ ವಾದ ನಮ್ಮ ಹಳ್ಳಿಯ ಯಾವ ಹೆಂಗಸಿಗೂ ಅರ್ಥವಾಗುತ್ತದೆ. ಸಾಲ ಮನ್ನಾ ಮಾಡಿದೆ ಅನ್ನು, ಇಲ್ಲಾ ಸಾಲ ವಸೂಲಾಯಿತು ಅನ್ನು. ಎರಡನ್ನೂ ಒಟ್ಟಿಗೆ ಅನ್ನಬೇಡ. ಪೂರ್ತಿ ವಸೂಲಿ ಮಾಡಿಕೊಂಡ ಮೇಲೆ ಕ್ಷಮಿಸಿದೆ ಅನ್ನುವುದು ಎಂಥ ಕ್ಷಮೆ? ಅವನ ಮಾತಿಗೆ ಚರ್ಚುಗಳು ಸಿಟ್ಟಾದವು. 1598ರಲ್ಲಿ ಕ್ರಾಕೋವಿನಲ್ಲಿ ಜನ ಅವನನ್ನು ಬೀದಿಗೆ ಎಳೆದು ಹೊಡೆದರು.

ಇಲ್ಲಿ ನಮ್ಮ ತಾತ ಮತ್ತೆ ನೆನಪಾಗುತ್ತಾನೆ. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂತು, 1976ರಲ್ಲಿ ಜೀತ ರದ್ದತಿ ಕಾಯಿದೆ ಆಯಿತು. ಆ ಕಾಯಿದೆ ಏನು ಹೇಳಿತು? ಜೀತದಾಳಿನ ಸಾಲವನ್ನು ಸರ್ಕಾರ ಕಟ್ಟುತ್ತದೆ ಅಂತ ಹೇಳಲಿಲ್ಲ. ಆಳಿನ ಬದಲು ಇನ್ನೊಬ್ಬ ದುಡಿಯಲಿ ಅಂತಲೂ ಹೇಳಲಿಲ್ಲ. ಆ ಸಾಲವನ್ನು ತೀರಿಸುವ ಹೊಣೆಯೇ ಇನ್ನು ಇಲ್ಲ ಅಂತ ಹೇಳಿತು. ಯಾಕೆಂದರೆ ಆ ಸಾಲ ನ್ಯಾಯವಾದದ್ದಲ್ಲ. ಅದನ್ನು ತೀರಿಸಲು ಒಪ್ಪುವುದೇ ಒಡೆಯನ ಲೆಕ್ಕವನ್ನು ಒಪ್ಪಿದ ಹಾಗೆ. ಕಾಯಿದೆ ಹಳ್ಳಿಗೆ ಬರಲು ಎಷ್ಟು ವರ್ಷ ಬೇಕಾಯಿತು, ಎಷ್ಟು ಏಟು ತಿನ್ನಬೇಕಾಯಿತು ಅನ್ನುವುದು ಬೇರೆ ಮಾತು. ಆದರೆ ಬಿಡುಗಡೆ ಅಂದರೆ ಏನು ಅಂತ ನಮಗೆ ಕಲಿಸಿದ್ದು ಆ ಒಂದು ಕಲಮು.

ಹೀಗೆ ಯೋಚಿಸುತ್ತಾ ಗೆಳೆಯನ ಬೈಬಲನ್ನು ತಿರುವಿದಾಗ ನಮಗೆ ಆಶ್ಚರ್ಯ ಕಾದಿತ್ತು. ಪೌಲನ ಹೆಸರಿನಲ್ಲಿರುವ ಕೊಲೊಸ್ಸೆಯವರ ಪತ್ರದ ಎರಡನೆಯ ಅಧ್ಯಾಯದಲ್ಲಿ ನಮ್ಮ ತಾತನ ಚೀಟಿಯೇ ಇದೆ. ಗ್ರೀಕಿನಲ್ಲಿ ಅದು ಸಾಲಗಾರ ಕೈಯಾರೆ ಬರೆದುಕೊಟ್ಟ ಪತ್ರ. ದೇವರು ಆ ಪತ್ರದ ಹಣ ತುಂಬಿದ ಅಂತ ಅಲ್ಲಿಲ್ಲ. ಬರೆದದ್ದನ್ನು ಅಳಿಸಿ ಪತ್ರವನ್ನು ಶಿಲುಬೆಗೆ ಮೊಳೆ ಹೊಡೆದ ಅನ್ನುವ ಅರ್ಥದ ಮಾತಿದೆ. ಅದರ ಬೆನ್ನಿಗೇ, ಆಳುವ ಶಕ್ತಿಗಳ ಆಯುಧ ಕಿತ್ತುಕೊಂಡು ಅವುಗಳನ್ನು ಬಯಲಲ್ಲಿ ನಗೆಪಾಟಲು ಮಾಡಿದ ಅನ್ನುವ ಮಾತೂ ಇದೆ. ಸ್ವೀಡನ್ನಿನ ಔಲೆನ್ 1930ರಲ್ಲಿ ಬರೆದ ಪುಸ್ತಕದಲ್ಲಿ ಮೊದಲ ಸಾವಿರ ವರ್ಷಗಳ ಕ್ರೈಸ್ತರಿಗೆ ಶಿಲುಬೆಯ ಮುಖ್ಯ ಅರ್ಥ ಇದೇ ಆಗಿತ್ತು, ಸೆರೆಹಿಡಿದ ಶಕ್ತಿಗಳ ಮೇಲಿನ ಗೆಲುವು ಆಗಿತ್ತು ಎಂದು ವಾದಿಸಿದ.

ಆದ್ದರಿಂದ ಯಾಕೆ ಸತ್ತ ಅಂತ ಕೇಳುವ ಮೊದಲು ಕೊಂದವರು ಯಾರು ಅಂತ ಕೇಳಬೇಕು ಅನ್ನುವುದು ನಮ್ಮ ಮಾತು. ಸಾವನ್ನು ದೇವರ ಲೆಕ್ಕಕ್ಕೆ ಜಮಾ ಮಾಡಿದ ಕೂಡಲೇ ಪಿಲಾತ ಕೈತೊಳೆದುಕೊಂಡು ಹೋಗಿಬಿಡುತ್ತಾನೆ. ಕೊಲೆ ಬಲಿಯಾಗುತ್ತದೆ. ಕೊಂದವನು ದೇವರ ಕೆಲಸ ಮಾಡಿದವನಾಗುತ್ತಾನೆ.

ಆದರೆ ಈ ಪ್ರಶ್ನೆಯಲ್ಲೂ ವಿಷವಿದೆ. ಅದನ್ನು ಮುಚ್ಚಿಡಬಾರದು. ಕೊಂದವರು ಯಾರು ಅಂದರೆ ಯೆಹೂದಿಗಳು ಅಂತ ನೂರಾರು ವರ್ಷ ಚರ್ಚುಗಳೇ ಹೇಳಿಕೊಟ್ಟವು. ಒಂದು ಇಡೀ ಜನಾಂಗವನ್ನು ದೇವಹಂತಕರು ಅಂತ ಕರೆದು, ಊರಾಚೆಯ ಕೇರಿಗಳಿಗೆ ತಳ್ಳಿ, ಕೊಂದರು. ಎಷ್ಟೋ ಕಡೆ ಯೆಹೂದಿಗಳಿಗೆ ಶುಭ ಶುಕ್ರವಾರ ಬಾಗಿಲು ಭದ್ರ ಮಾಡಿಕೊಳ್ಳುವ ದಿನವಾಗಿತ್ತು. ಕಡೆಗೆ 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಈ ಆರೋಪವನ್ನು ಯೆಹೂದಿ ಜನರ ಮೇಲೆ ಹೊರಿಸಕೂಡದು ಎಂದು ಘೋಷಿಸಿತು. ಯೇಸು ಯೆಹೂದಿ. ಅವನ ತಾಯಿ, ಅವನ ಶಿಷ್ಯರು ಯೆಹೂದಿಗಳು. ಅವನನ್ನು ಕೊಂದದ್ದು ಒಂದು ಜಾತಿಯಲ್ಲ, ಒಂದು ವ್ಯವಸ್ಥೆ: ಪರದೇಶದ ಅಧಿಕಾರ, ಅದರ ಜೊತೆ ಕೈಕುಲುಕಿದ ಒಂದಿಷ್ಟು ಪುರೋಹಿತಶಾಹಿ. ಜಾತಿಯಿಂದ ಅಪರಾಧಿ ಅನ್ನುವ ಮಾತಿನ ರುಚಿ ಗೊತ್ತಿರುವ ನಾವು ಈ ವ್ಯತ್ಯಾಸವನ್ನು ಮರೆಯಬಾರದು.

ಈ ಪ್ರಶ್ನೆಯನ್ನು ನಮ್ಮ ಕಾಲದಲ್ಲಿ ಗಟ್ಟಿಯಾಗಿ ಕೇಳಿದವರು ಅಮೆರಿಕದ ಕಪ್ಪು ಜನ. ಅಲ್ಲಿ ಗುಲಾಮಗಿರಿ ರದ್ದಾದ ಮೇಲೂ ಬಿಳಿಯರ ಗುಂಪುಗಳು ಸಾವಿರಾರು ಕಪ್ಪು ಜನರನ್ನು ಮರಕ್ಕೆ ನೇತುಹಾಕಿದವು. ಜೇಮ್ಸ್ ಕೋನ್ 2011ರಲ್ಲಿ ಬರೆದ ಪುಸ್ತಕದಲ್ಲಿ ಆ ಮರವನ್ನೂ ಶಿಲುಬೆಯನ್ನೂ ಎದುರುಬದುರು ನಿಲ್ಲಿಸಿದ. ಶಿಲುಬೆಯ ಬಗ್ಗೆ ದೊಡ್ಡ ಗ್ರಂಥ ಬರೆದ ಬಿಳಿ ಪಂಡಿತರ ಕಣ್ಣಿಗೆ ತಮ್ಮ ಊರಿನ ಮರ ಯಾಕೆ ಬೀಳಲಿಲ್ಲ ಅಂತ ಕೇಳಿದ. ಕಪ್ಪು ಜನ ಶಿಲುಬೆಯನ್ನು ನೋಡಿದ ಕೂಡಲೇ ಅದು ಏನೆಂದು ಅವರಿಗೆ ಗೊತ್ತಾಗುತ್ತಿತ್ತು. ದೇವರು ಹಗ್ಗ ಹಿಡಿದವರ ಜೊತೆ ಇಲ್ಲ, ತೂಗುತ್ತಿರುವವನ ಜೊತೆ ಇದ್ದಾನೆ ಅನ್ನುವುದೇ ಅವರ ಧೈರ್ಯವಾಗಿತ್ತು.

ಕೋನ್‌ಗಿಂತ ಮುಂದೆ ಹೋಗಿ ಎಚ್ಚರಿಸಿದವಳು ಡೆಲೋರಸ್ ವಿಲಿಯಮ್ಸ್. ಅವಳೂ ಕಪ್ಪು ಹೆಂಗಸು. 1993ರಲ್ಲಿ ಬಂದ ಅವಳ ಪುಸ್ತಕದ ಪ್ರಶ್ನೆ ಇದು: ಕಪ್ಪು ಹೆಂಗಸು ಯಾವಾಗಲೂ ಇನ್ನೊಬ್ಬರ ಬದಲಿಗೆ ದುಡಿದಿದ್ದಾಳೆ. ಬಿಳಿಯರ ಮಕ್ಕಳಿಗೆ ತಾಯಿಯ ಬದಲು ಹಾಲೂಡಿಸಿದ್ದಾಳೆ, ಹೊಲದಲ್ಲಿ ಗಂಡಾಳಿನ ಬದಲು ಗೇಯ್ದಿದ್ದಾಳೆ. ಇನ್ನೊಬ್ಬರ ಬದಲಿಗೆ ನರಳುವುದೇ ಪವಿತ್ರ ಅಂತ ಅವಳಿಗೆ ಹೇಳಿದರೆ ಅದು ಬಿಡುಗಡೆಯೋ, ಸರಪಳಿಯೋ? ಯೇಸು ಬದುಕಿದ ರೀತಿ ಜನರನ್ನು ಉಳಿಸುತ್ತದೆ, ರಕ್ತ ಅಲ್ಲ ಅಂದಳು ಆಕೆ. ಈ ಮಾತು ಕೇಳಿದಾಗ ನಮಗೆ ಕೆರೆಗೆ ಹಾರವಾದ ಭಾಗೀರತಿ ನೆನಪಾದಳು. ಆ ಲಾವಣಿಯನ್ನು ಶಾಲೆಯಲ್ಲಿ ಕಣ್ಣೀರಿಟ್ಟು ಓದಿದ್ದೇವೆ, ನಮ್ಮಲ್ಲಿ ಹಲವರು ಇವತ್ತು ಮಕ್ಕಳಿಗೆ ಪಾಠ ಮಾಡುತ್ತೇವೆ. ಹೊತ್ತಿಗೆ ತೆಗೆದು ನೋಡಿದವರು ಯಾರು, ಮನೆಯಲ್ಲಿ ಕೂತು ಕಿರಿಸೊಸೆಯೇ ಆಗಲಿ ಅಂತ ಆರಿಸಿದವರು ಯಾರು ಅಂತ ಎಷ್ಟು ಮಂದಿ ಕೇಳಿದ್ದೇವೆ?

ಹಾಗಾದರೆ ಪ್ರಾಣ ಕೊಡುವುದಕ್ಕೆ ಅರ್ಥವೇ ಇಲ್ಲವೆ? ಇದೆ. ಲ್ಯಾಟಿನ್ ಅಮೆರಿಕದ ಎಲ್ ಸಾಲ್ವಡಾರಿನಲ್ಲಿ ಆರ್ಚ್‌ಬಿಷಪ್ ರೊಮೇರೊ, ಬಡ ರೈತರನ್ನು ಕೊಲ್ಲಬೇಡಿ ಅಂತ ಸಿಪಾಯಿಗಳಿಗೆ ಕರೆ ಕೊಟ್ಟ ಮರುದಿನ, 1980ರ ಮಾರ್ಚ್ 24ರಂದು, ಪೂಜೆ ಮಾಡುತ್ತಿದ್ದಾಗಲೇ ಗುಂಡಿಗೆ ಬಲಿಯಾದ. ಅವನಿಗೆ ಸಾಯುವ ಆಸೆ ಇರಲಿಲ್ಲ. ಸುಮ್ಮನಿರಲು ಆಗಲಿಲ್ಲ, ಅಷ್ಟೆ. ಅದೇ ನಾಡಿನ ಇಗ್ನಾಸಿಯೊ ಎಲ್ಲಕುರಿಯಾ ಬಡಜನರನ್ನೇ ಶಿಲುಬೆಗೇರಿದ ಜನ ಅಂತ ಕರೆದ. ಅವರನ್ನು ಪೂಜಿಸುವುದಲ್ಲ, ಶಿಲುಬೆಯಿಂದ ಇಳಿಸುವುದು ನಮ್ಮ ಕೆಲಸ ಅಂದ. 1989ರ ನವೆಂಬರ್ 16ರಂದು ಸೈನಿಕರು ಅವನನ್ನೂ ಅವನ ಜೊತೆಯ ಐದು ಜನ ಪಾದ್ರಿಗಳನ್ನೂ ಅಡುಗೆಯ ಹೆಂಗಸನ್ನೂ ಅವಳ ಹರೆಯದ ಮಗಳನ್ನೂ ಕೊಂದರು. ಯೇಸುವಿನ ಸಾವೂ ಈ ಜಾತಿಯದೇ ಅಂತ ನಮಗೆ ಅನ್ನಿಸುತ್ತದೆ. ಅವನು ಸಾವನ್ನು ಹುಡುಕಿಕೊಂಡು ಹೋಗಲಿಲ್ಲ. ಸಾವು ಎದುರು ಬಂದಾಗ ಹಿಂದೆ ಸರಿಯಲಿಲ್ಲ.

ಈ ವಿಚಾರ ನಮ್ಮ ನೆಲಕ್ಕೂ ಬಂತು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರ ಹುಟ್ಟಿತು ಅನ್ನುತ್ತಾರೆ. ದಲಿತ ಅಂದರೆ ಮುರಿದವನು. ಮುರಿದ ದೇಹದ, ದೇವರೂ ಕೈಬಿಟ್ಟನಲ್ಲ ಅಂತ ಕೂಗಿದ ಯೇಸು ದಲಿತ ಅಂದ ನಿರ್ಮಲ್. ಇಬ್ರಿಯರ ಪತ್ರದ ಕೊನೆಯ ಅಧ್ಯಾಯ, ಯೇಸು ಸತ್ತದ್ದು ಊರಬಾಗಿಲಾಚೆ, ನಾವೂ ಅಲ್ಲಿಗೇ ಹೋಗೋಣ ಅನ್ನುತ್ತದೆ. ಊರಾಚೆ ಯಾರಿದ್ದಾರೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಪತ್ರ ಓದಿದ ಚರ್ಚುಗಳಲ್ಲೇ ಎಷ್ಟೋ ಕಡೆ ದಲಿತರಿಗೆ ಬೇರೆ ಸಾಲು, ಬೇರೆ ಸಮಾಧಿ ಮಾಡಿದರು ಅನ್ನುವುದನ್ನೂ ಇಲ್ಲೇ ಹೇಳಬೇಕು.

2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಕೋರ್ಟು ಆರೋಪಿಗಳನ್ನು ಬಿಟ್ಟಿತು. ಆ ಏಳು ಜನ ನಮ್ಮ ಪಾಪಕ್ಕಾಗಿ ಸತ್ತರು ಅಂತ ಯಾರಾದರೂ ಹೇಳಿದರೆ ನಾವು ಸುಮ್ಮನೆ ಕೇಳಿಸಿಕೊಳ್ಳುತ್ತೇವೆಯೆ? ಬೆಂಕಿ ಇಟ್ಟವರು ಯಾರು ಅಂತ ಕೇಳುತ್ತೇವೆ. ಅವರಿಗಾಗಿ ಕೇಳುವ ಪ್ರಶ್ನೆಯನ್ನೇ ಆ ಗಲಿಲಾಯದವನಿಗಾಗಿಯೂ ಕೇಳಬೇಕು.

ಇಷ್ಟೆಲ್ಲ ಓದಿಕೊಂಡು, ಉತ್ತರ ಸಿಕ್ಕಿತು ಅನ್ನುವ ಜಂಬದಲ್ಲಿ, ನಾವು ಮತ್ತೆ ಗೆಳೆಯನ ಊರಿಗೆ ಹೋದೆವು. ಅಜ್ಜಿ ಜಗಲಿ ಮೇಲೆ ರಾಗಿ ಕೇರುತ್ತಾ ಕೂತಿದ್ದಳು. ಆವತ್ತು ಯಾಕಜ್ಜಿ ಅತ್ತೆ ಅಂತ ಕೇಳಿದೆವು. ಅಜ್ಜಿ ಮೊರ ಕೆಳಗಿಟ್ಟು ಹೇಳಿದಳು: "ನಮ್ಮಪ್ಪನ ಕಾಲದಿಂದ್ಲೂ ನೀವು ಬಾಕಿ ಬಾಕಿ ಅಂತ ಎಲ್ರೂ ಅಂತಿದ್ರು ಮಗ. ಆವಯ್ಯ ಎಲ್ಲಾನೂ ತೀರಿಸ್ಬುಟ್ಟ ಅಂತ ಪಾದ್ರಿಗಳು ಅಂದ್ರಲ್ಲ, ಇನ್ ಯಾವ ಗೌಡಂಗೂ ನಾವು ಬಾಕಿ ಇಲ್ಲ ಅನ್ನುಸ್ತು. ಅದ್ಕೇ ಅಳ ಬಂತು."

ನಾವು ಮಾತಿಲ್ಲದೆ ಕೂತೆವು. ಆನ್ಸೆಲ್ಮನ ವಾಕ್ಯವನ್ನೇ ಅಜ್ಜಿ ಕೇಳಿಸಿಕೊಂಡಿದ್ದಳು. ಆದರೆ ಅದು ಕೇರಿಗೆ ಬಂದು ಅವಳ ಕಿವಿಗೆ ಬೀಳುವ ಹೊತ್ತಿಗೆ ಒಡೆಯನ ಚೀಟಿ ಹರಿದುಹೋಗಿತ್ತು. ನಾವು ಪುಸ್ತಕ ತಿರುವಿ ತಿರುವಿ ಮುಟ್ಟಿದ ಜಾಗದಲ್ಲಿ ಅವಳು ಬಹಳ ವರ್ಷದಿಂದ ಕೂತಿದ್ದಳು. ಅವಳ ಕೈಯಿಂದ ಕಿತ್ತುಕೊಳ್ಳುವಂಥದ್ದು ಏನೂ ಇರಲಿಲ್ಲ.

ಆದರೂ ಗೆಳೆಯರೆ, ಕೆಲಸ ಉಳಿದಿದೆ. ಅಜ್ಜಿ ಕಣ್ಣೊರೆಸಿಕೊಂಡು ಮರುದಿನ ಹೋದದ್ದು ಅದೇ ಗೌಡನ ಹೊಲಕ್ಕೆ, ಅವನು ಹೇಳಿದ ಕೂಲಿಗೆ. ನಾವು ಬಾಕಿ ಇಲ್ಲ ಅನ್ನುವುದು ಅವಳಿಗೆ ಗೊತ್ತು. ಗೌಡನಿಗೆ ಇನ್ನೂ ಗೊತ್ತಾಗಿಲ್ಲ. ಅವನಿಗೆ ಗೊತ್ತು ಮಾಡಿಸುವ ತನಕ ಆ ಶುಕ್ರವಾರ ಮುಗಿಯುವುದಿಲ್ಲ. ಚರ್ಚಿಗೆ ಹೋಗುವವರು ಅಲ್ಲಿಂದ ಬರಲಿ, ಹೋಗದ ನಾವು ಇಲ್ಲಿಂದ ಬರುತ್ತೇವೆ. ಊರಬಾಗಿಲಾಚೆ ಸೇರೋಣ.